ಕುಂಕುಮದ ಅಡಿಯ ಉಕ್ಕು

ಆ ಎರಡು ಕಠಾರಿಗಳ ಬಗ್ಗೆ ನಾನು ಮೊದಲು ಕೊಟ್ಟ ಅಭಿಪ್ರಾಯದಲ್ಲಿ ಇದ್ದದ್ದು ಏಳೇ ಪದ. ಮೊಬೈಲಿಗೆ ಬಂದ ಮೂರು ಫೋಟೋ ನೋಡಿ, ಒಲೆಯ ಮೇಲಿನ ಕುಕ್ಕರ್ ಮೂರನೇ ಸಲ ಕೂಗುವುದರೊಳಗೆ ಟೈಪ್ ಮಾಡಿ ಕಳಿಸಿಬಿಟ್ಟಿದ್ದೆ: “ಹೊಸ ಮಾಲು. ಅಲ್ಯೂಮಿನಿಯಂ ರಿವೆಟ್. ಸಮಯ ಹಾಳು ಮಾಡಿಕೊಳ್ಳಬೇಡಿ.”

ಕೇಳಿದವರು ನಗರದ ಒಂದು ಖಾಸಗಿ ವಸ್ತುಸಂಗ್ರಹಾಲಯದ ಕ್ಯುರೇಟರ್. ಹಿಂದೆ ಬುಖಾರಾ, ಕಾಬೂಲ್ ಕಡೆಯಿಂದ ಕುದುರೆ ಹೊಡೆದುಕೊಂಡು ದಂಡು ಪ್ರದೇಶಕ್ಕೆ ಬರುತ್ತಿದ್ದ ವ್ಯಾಪಾರಿಗಳ ಬಗ್ಗೆ ಅವರು ಒಂದು ಪ್ರದರ್ಶನ ಸಿದ್ಧಪಡಿಸುತ್ತಿದ್ದರು. ಅಂಥ ವ್ಯಾಪಾರಿಯೊಬ್ಬ ಕೊಟ್ಟ ಕಠಾರಿಗಳು ನಮ್ಮಲ್ಲಿವೆ ಎಂದು ವಿದ್ಯಾರಣ್ಯಪುರದ ಪಕ್ಕದ ಸಿಂಗಾಪುರ ಎಂಬ ಹಳ್ಳಿಯ ಹಳೆಯ ಮನೆತನವೊಂದು ಅವರಿಗೆ ಫೋಟೋ ಕಳಿಸಿತ್ತು. ಅವರು ಅದನ್ನು ನನಗೆ ದಾಟಿಸಿದ್ದರು. ನಾನು ವಿದ್ಯಾರಣ್ಯಪುರದಲ್ಲಿ ಮನೆಯ ಕೆಳಗಿನ ಎರಡು ಕೋಣೆಗಳಲ್ಲಿ ಲೋಹ ಪರೀಕ್ಷೆ ಮಾಡುವವಳು. ಮುರಿದ ಬೋಲ್ಟು, ಬಿರುಕುಬಿಟ್ಟ ಗೇರು ನನ್ನ ದಿನನಿತ್ಯದ ರೋಗಿಗಳು. ಹಳೆಯ ಆಯುಧ ವರ್ಷಕ್ಕೊಂದೋ ಎರಡೋ ಬರುತ್ತವೆ, ಬಂದಾಗ ನಾನು ಸ್ವಲ್ಪ ಹೆಚ್ಚೇ ಬೀಗುತ್ತೇನೆ.

ಐದನೇ ದಿನ ಬೆಳಿಗ್ಗೆ ಗೇಟಿನ ಹತ್ತಿರ ಒಬ್ಬ ಅಜ್ಜಿ ನಿಂತಿದ್ದರು. ಎಂಬತ್ತರ ಹತ್ತಿರದ ವಯಸ್ಸು, ನೆಟ್ಟಗಿನ ಬೆನ್ನು, ಕಂಕುಳಲ್ಲಿ ಹಳದಿ ವಸ್ತ್ರದ ಗಂಟು. ಸಿಂಗಾಪುರದಿಂದ ನಡೆದೇ ಬಂದಿದ್ದರು.

“ಫೋಟೋ ನೋಡಿ ಏಳ್ದೋರು ನೀವೇನಾ?” ಎಂದರು.

ಹೌದು ಎಂದೆ.

“ಎಣ್ಣು ನೋಡಕ್ಕೆ ಓದ್ರೂ ಮನೇಗೋಗಿ ನೋಡ್ತಾರೆ ಕಣಮ್ಮಾ. ಕೈಯಾಗ್ ಇಡ್ಕೊಂಡು ಏಳಿ.” ಗಂಟನ್ನು ನನ್ನ ಮೇಜಿನ ಮೇಲೆ ಇಟ್ಟು, ಕೇಳದೆಯೇ ಕುರ್ಚಿ ಎಳೆದುಕೊಂಡು ಕುಳಿತರು.

ನನ್ನ ಏಳು ಪದ ಎಲ್ಲಿಗೆ ಹೋಗಿ ಮುಟ್ಟಿತ್ತು ಎಂಬುದು ಆಗ ತಿಳಿಯಿತು. ಕ್ಯುರೇಟರ್ ಅದನ್ನು ಹಾಗೇ ಅವರ ಮನೆಯವರಿಗೆ ಕಳಿಸಿದ್ದರು, ಮನೆಯವರು ಕುಟುಂಬದ ವಾಟ್ಸ್ಯಾಪ್ ಗುಂಪಿಗೆ ಹಾಕಿದ್ದರು. ಅಜ್ಜಿಯ ತಾತ ಹೆಬ್ಬಾಳದ ಕಡೆ ಒಂದು ಲಾಯದಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದವರು. ಬುಖಾರಾದ ವ್ಯಾಪಾರಿಯೊಬ್ಬ ಜ್ವರ ಬಂದು ಮಲಗಿದಾಗ ಅವನ ಕುದುರೆಗಳನ್ನು ಒಂದೂ ಸಾಯದಂತೆ ಕಾಪಾಡಿದರಂತೆ. ಎದ್ದ ಮೇಲೆ ಅವನು ತನ್ನ ಸೊಂಟದ ಜೋಡಿ ಕಠಾರಿಯನ್ನೇ ಬಿಚ್ಚಿಕೊಟ್ಟನಂತೆ, ಇವು ನನ್ನ ತಾತನ ಕಾಲದವು ಎಂದನಂತೆ. ಮೂರು ತಲೆಮಾರು ನಂಬಿದ್ದ ಈ ಕಥೆಗೆ ಈಗ ಗುಂಪಿನಲ್ಲಿ ನಗುವ ಮುಖಗಳ ಸಾಲು. ತಾತ ಇದನ್ನು ಗುಜರಿಯಲ್ಲಿ ಕೊಂಡಿರಬೇಕು ಎಂದು ಒಬ್ಬ ಬರೆದಿದ್ದ. ಲಾಯದಲ್ಲಿ ಕದ್ದಿರಬೇಕು ಎಂದು ಇನ್ನೊಬ್ಬ.

“ನಮ್ ತಾತ ಸಾಯೋಗಂಟ ಒಂದ್ ಸುಳ್ ಏಳಿಲ್ಲ. ನನ್ನ ಎತ್ತಾಡ್ಸಿ ಬೆಳೆಸ್ದೋನು. ಅವನ್ನ ಸುಳ್ಗಾರ ಮಾಡ್ಬುಟ್ರಿ ನೀವು.”

ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಊರಿಗೆಲ್ಲ ಹೇಳುವವಳು ನಾನು. ಆ ಬೆಳಿಗ್ಗೆ ನನಗೆ ನಿಜಕ್ಕೂ ನಾಚಿಕೆಯಾಯಿತು. ಪರೀಕ್ಷೆ ಮಾಡುತ್ತೇನೆ ಎಂದೆ. ಅಜ್ಜಿ ಒಂದು ಷರತ್ತು ಹಾಕಿದರು: “ಕುಯ್ಯಂಗಿಲ್ಲ. ಆಯುಧ ಪೂಜೇಗೆ ಇಡೋದದು.” ಕ್ಯುರೇಟರಿಗೆ ಫೋನ್ ಮಾಡಿದರೆ ಅವರದೂ ಒಂದು ಷರತ್ತು: “ಟೆನ್ ಡೇಸಲ್ಲಿ ಲಿಸ್ಟ್ ಫೈನಲ್ ಮೇಡಂ. ‘ಇರಬಹುದು, ಇದ್ದರೂ ಇರಬಹುದು’ ಅನ್ನೋ ರಿಪೋರ್ಟ್ ಬೇಡ. ಹೌದು ಅಂದ್ರೆ ಹೌದು, ಇಲ್ಲಾಂದ್ರೆ ಇಲ್ಲ.”

ಮೊದಲ ದಿನ ಕಣ್ಣು, ಕೈ, ಭೂತಗನ್ನಡಿ ಇಷ್ಟೇ. ದೊಡ್ಡ ಕಠಾರಿಯ ಅಲಗು ಒಂದು ಗೇಣು ನಾಲ್ಕು ಬೆರಳು. ಒಂದೇ ಬದಿ ಹರಿತ. ಬೆನ್ನಿನ ಕಡೆ ಅಡ್ಡಪಟ್ಟಿಯೊಂದು ಉದ್ದಕ್ಕೂ ಹೋಗಿ, ಅಲಗನ್ನು ತುದಿಯ ಕಡೆಯಿಂದ ನೋಡಿದರೆ ಟಿ ಅಕ್ಷರ ಕಾಣುತ್ತದೆ. ತುದಿ ತೆಳ್ಳಗಾಗುವ ಬದಲು ದಪ್ಪಗಾಗಿದೆ. ಸರಪಳಿ ಅಂಗಿ ತೊಟ್ಟವನ ಎದೆಗೆ ಇಳಿಸಲು ಮಾಡಿದ ಕಟ್ಟು ಇದು, ತರಕಾರಿ ಹೆಚ್ಚಲು ಅಲ್ಲ. ಅಲಗು ಮತ್ತು ಹಿಡಿ ಸೇರುವಲ್ಲಿ ಉಕ್ಕಿನ ಕಂಠಪಟ್ಟಿ. ಅದರ ಬೆಸುಗೆಯ ಸಾಲಿನಲ್ಲಿ ಕೂದಲೆಳೆಯಷ್ಟು ತಾಮ್ರ ಇಣುಕುತ್ತಿತ್ತು. ಇವತ್ತಿನವರು ವಿದ್ಯುತ್ ಬೆಸುಗೆ ಹಾಕುತ್ತಾರೆ, ಇಲ್ಲವೇ ಅಂಟು ಸುರಿಯುತ್ತಾರೆ. ತಾಮ್ರ ಕರಗಿಸಿ ಕೂರಿಸುವ ತಾಳ್ಮೆ ಹಳೆಯದು.

ಹಿಡಿಗೆ ಐದು ರಿವೆಟ್. ನಾನು ಫೋಟೋದಲ್ಲಿ ಕಂಡಿದ್ದು ಹೊಳೆಯುವ ಎರಡನ್ನು ಮಾತ್ರ. ಉಳಿದ ಮೂರು ಕಬ್ಬಿಣದವು, ಕಪ್ಪಾಗಿ ಹಿಡಿಯ ಮೈಯಲ್ಲೇ ಕರಗಿದಂತಿದ್ದವು. ಅಲ್ಯೂಮಿನಿಯಂ ರಿವೆಟ್ಟುಗಳ ಸುತ್ತಲೂ ತೂತಿನ ಅಂಚಿನಲ್ಲಿ ಹಳೆಯ ತುಕ್ಕಿನ ಉಂಗುರ. ಮೊದಲಿದ್ದ ಕಬ್ಬಿಣ ಕೊಳೆತು ಉದುರಿದ ಮೇಲೆ ಯಾರೋ ಹೊಸದನ್ನು ಹೊಡೆದಿದ್ದರು. ಚಪ್ಪಲಿಗೆ ಹೊಸ ಉಂಗುಷ್ಟ ಹಾಕಿಸಿದ ಮಾತ್ರಕ್ಕೆ ಚಪ್ಪಲಿ ಹೊಸದಾಗುವುದಿಲ್ಲವಲ್ಲ.

ಹಿಡಿಯ ಹಳದಿ ಪಟ್ಟಿಗಳನ್ನು ಪ್ಲಾಸ್ಟಿಕ್ ಎಂದುಕೊಂಡಿದ್ದೆ. ಪಕ್ಕದಿಂದ ಟಾರ್ಚ್ ಹಿಡಿದು ನೋಡಿದಾಗ ಒಳಗೆ ಸಬ್ಬಕ್ಕಿ ಪಾಯಸ ಆರಿ ಗಟ್ಟಿಯಾದಂತೆ ಗುಂಡು ಗುಂಡು ಕಾಳುಗಳು ಕಂಡವು. ಆನೆ ದಂತದಲ್ಲಿ ಈ ಕಾಳು ಇರುವುದಿಲ್ಲ, ಒಂದನ್ನೊಂದು ಕತ್ತರಿಸುವ ಗೆರೆಗಳಿರುತ್ತವೆ. ಮೂಳೆಯಲ್ಲಿ ಸಣ್ಣ ಕಪ್ಪು ರಂಧ್ರಗಳು. ಸಬ್ಬಕ್ಕಿ ಕಾಣುವುದು ವಾಲ್ರಸ್‌ನ ಕೋರೆಯಲ್ಲಿ ಮಾತ್ರ. ಅದು ಹಿಮದ ಕಡಲಿನ ಪ್ರಾಣಿ. ಅದರ ಕೋರೆ ರಷ್ಯಾದ ದಾರಿಯಿಂದ ಮಧ್ಯ ಏಷ್ಯಾದ ಪೇಟೆಗಳಿಗೆ ಬರುತ್ತಿತ್ತು. ಟಾರ್ಚ್ ಆರಿಸಿ, ಮತ್ತೆ ಹಚ್ಚಿ, ಮತ್ತೆ ನೋಡಿದೆ.

ಚಿಕ್ಕ ಕಠಾರಿಯ ಹಿಡಿಯೂ ಅದೇ ಕೋರೆ. ಆದರೆ ಅದರ ಅಲಗಿನ ಮೇಲೆ ಓರೆ ಗೆರೆಗಳ ಮಸುಕಾದ ಸಾಲು: ಲೋಹ ಉಜ್ಜುವ ಅರದ ಹಲ್ಲುಗಳ ಗುರುತು. ಯಾವನೋ ಕಮ್ಮಾರ ಹಳೆಯ ಅರವನ್ನೇ ಕಾಯಿಸಿ ಬಡಿದು ಹೊಸ ಅಲಗು ಕೂರಿಸಿದ್ದ. ಹೀಗಾಗಿ ತಾತನ ಮಾನ ಉಳಿಯುವುದು ದೊಡ್ಡದರಿಂದಲೇ ಎಂದಾಯಿತು. ಅದರ ಅಲಗೋ, ಅಂಗಡಿಯ ಕನ್ನಡಿಯಂತೆ ಫಳಫಳ. ಹಳೆಯ ಉಕ್ಕಿನ ಒಂದು ಲಕ್ಷಣವೂ ಮೇಲೆ ಇರಲಿಲ್ಲ.

ಕುಯ್ಯದೆ ಉಕ್ಕಿನ ಜಾತಿ ತಿಳಿಯಲು ಒಂದು ಯಂತ್ರವಿದೆ. ಡ್ರಿಲ್ಲಿನ ಆಕಾರದ ಎಕ್ಸ್-ರೇ ಗನ್. ಲೋಹಕ್ಕೆ ಒತ್ತಿ ಹಿಡಿದರೆ ಯಾವ ಯಾವ ಧಾತು ಎಷ್ಟೆಷ್ಟು ಎಂದು ಅರ್ಧ ನಿಮಿಷದಲ್ಲಿ ಹೇಳುತ್ತದೆ. ಯಶವಂತಪುರದಲ್ಲಿ ಲೋಹದ ಗುಜರಿ ವಿಂಗಡಿಸುವ ಲ್ಯಾಬ್ ನಡೆಸುವ ನನ್ನ ಹಳೆಯ ಸಹೋದ್ಯೋಗಿಯ ಬಳಿ ಅದಿತ್ತು. ಮರುದಿನ ಕಠಾರಿಯನ್ನು ಟವೆಲಿನಲ್ಲಿ ಸುತ್ತಿ, ಚೀಲದ ತಳದಲ್ಲಿಟ್ಟು, ಮೇಲೆ ಊಟದ ಡಬ್ಬಿ ಇಟ್ಟು ಆಟೋ ಹತ್ತಿದೆ.

ಪರದೆ ನೋಡಿ ಅವನು ತಲೆಯಾಡಿಸಿದ. “ಕ್ರೋಮಿಯಂ ಇದೆ ಕಣ್ರೀ. ಪರ್ಸೆಂಟ್ ಒಂದರ ಹತ್ರ. ಇದು ಬೇರಿಂಗ್ ಉಕ್ಕು. ಯಾವನೋ ಲಾರಿ ಬೇರಿಂಗ್ ಬಡಿದು ಮಾಡಿದಾನೆ, ಬಿಡಿ.”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದುಕೊಂಡು ಅಲ್ಲೇ ಸ್ಟೂಲಿನ ಮೇಲೆ ಕುಳಿತೆ. ಲಾರಿಗಳು ಬರುವ ಮೊದಲಿನ ಕಠಾರಿಗೆ ಲಾರಿ ಬೇರಿಂಗ್ ಎಲ್ಲಿಂದ ಬರಬೇಕು? ಅಜ್ಜಿಗೆ ಏನು ಹೇಳಲಿ ಎಂದು ಯೋಚಿಸುತ್ತಲೇ ಪರದೆಯ ಉಳಿದ ಸಾಲುಗಳನ್ನು ಓದಿದೆ. ಮ್ಯಾಂಗನೀಸ್ ಇರಬೇಕಾದ ಜಾಗ ಬಹುತೇಕ ಖಾಲಿ. ಇವತ್ತಿನ ಯಾವ ಕಾರ್ಖಾನೆಯ ಉಕ್ಕಿನಲ್ಲೂ ಮ್ಯಾಂಗನೀಸ್ ಇಲ್ಲದಿರುವುದಿಲ್ಲ, ಬೇರಿಂಗಿನಲ್ಲಂತೂ ಇದ್ದೇ ಇರುತ್ತದೆ. ಒಂದು ಸಾಲು ಹೊಸದು ಎನ್ನುತ್ತಿತ್ತು, ಇನ್ನೊಂದು ಹಳೆಯದು ಎನ್ನುತ್ತಿತ್ತು. ಎರಡೂ ನಿಜವಾಗಲು ಸಾಧ್ಯವಿಲ್ಲ.

ಮನೆಗೆ ಬಂದು ಅಲಗನ್ನು ಸೂಕ್ಷ್ಮದರ್ಶಕದ ಅಡಿ ಇಟ್ಟೆ. ಮೈತುಂಬ ಒಂದೇ ದಿಕ್ಕಿನ ಹೊಚ್ಚಹೊಸ ಗೀರುಗಳು. ಹಳೆಯ ತುಕ್ಕು ಕೊರೆದ ಸಣ್ಣ ಗುಳಿಗಳಲ್ಲಿ ಹಸಿರು ಬಣ್ಣದ ಏನೋ ಮೆತ್ತಿಕೊಂಡಿತ್ತು. ಫೋನ್ ಎತ್ತಿ ಅಜ್ಜಿಯನ್ನು ಕೇಳಿದೆ: ಇದನ್ನು ಯಾರಾದರೂ ಯಂತ್ರಕ್ಕೆ ಹಿಡಿದಿದ್ದರಾ?

“ಓದ್ ವರ್ಸ ಕೈ ನೋವಿತ್ತು. ಉಜ್ಜಾಕಾಗ್ನಿಲ್ಲ. ಯಸ್ವಂತ್ಪುರದಾಗೆ ಬಫಿಂಗ್ ಅಂಗ್ಡೀಗೆ ಕೊಟ್ಟಿದ್ವಿ. ಯಾಕೆ, ಏನಾಯ್ತು?” ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು, “ನಾನೇ ಆಳ್ ಮಾಡ್ಬುಟ್ನಾ?”

ಇಲ್ಲ ಎಂದೆ. ಆಗ ನನಗೆ ಗೊತ್ತಿರಲಿಲ್ಲ, ಆದರೂ ಅಂದೆ.

ಮರುದಿನ ಮತ್ತೆ ಕಠಾರಿ ಹೊತ್ತು ಯಶವಂತಪುರಕ್ಕೆ ಹೋದೆ. ಬಫಿಂಗ್ ಅಂಗಡಿಯವನಿಗೆ ಅದು ಚೆನ್ನಾಗಿ ನೆನಪಿತ್ತು. ಒಂದು ಕೈಯಲ್ಲಿ ಕುಕ್ಕರ್ ಮುಚ್ಚಳ, ಇನ್ನೊಂದರಲ್ಲಿ ಲೋಹಕ್ಕೆ ಹೊಳಪು ಕೊಡುವ ಹಸಿರು ಸೋಪಿನ ಬಿಲ್ಲೆ ಹಿಡಿದು ಅವನು ನಕ್ಕ. “ಹಬ್ಬದ ಆರ್ಡರ್ ಮೇಡಂ. ಬರ್ಬೇಕಾದ್ರೆ ಕಪ್ಪು ಕಪ್ಪಾಗಿ, ಗೆರೆ ಗೆರೆ ಇತ್ತು. ಕನ್ನಡಿ ಥರ ಮಾಡ್ಕೊಟ್ಟೆ ನೋಡಿ, ಮುಖ ನೋಡ್ಕೊಂಡು ಶೇವ್ ಮಾಡ್ಬೋದು!”

ಗೆರೆ ಗೆರೆ ಇತ್ತು ಎಂಬ ಮಾತಿಗೆ ಅವನನ್ನು ಬೈಯಬೇಕೋ ಅಪ್ಪಿಕೊಳ್ಳಬೇಕೋ ತಿಳಿಯಲಿಲ್ಲ. ಸೋಪಿನ ಒಂದು ತುಂಡು ಕೇಳಿ ಪಡೆದು, ಎರಡು ಬೀದಿ ಆಚೆಗಿದ್ದ ಗೆಳೆಯನ ಲ್ಯಾಬಿಗೆ ಬಹುತೇಕ ಓಡಿದೆ. ಗನ್ನನ್ನು ಸೋಪಿಗೆ ಒತ್ತಿದಾಗ ಪರದೆಯ ಮೇಲೆ ಬೇರೇನೂ ಇಲ್ಲ, ಕ್ರೋಮಿಯಂ, ಕ್ರೋಮಿಯಂ, ಕ್ರೋಮಿಯಂ. ಆ ಹಸಿರೇ ಕ್ರೋಮಿಯಂನ ಬೂದಿ. ಗುಳಿಗಳಲ್ಲಿ ಕೂತಿದ್ದ ಅದನ್ನೇ ಯಂತ್ರ ಉಕ್ಕಿನ ಲೆಕ್ಕಕ್ಕೆ ಸೇರಿಸಿತ್ತು. ಅಲಗಿನ ಒಂದು ಅಂಗುಲವನ್ನು ಅಸಿಟೋನ್ ಅದ್ದಿದ ಹತ್ತಿ, ಮೆತ್ತನೆ ಬ್ರಷ್ಷುಗಳಿಂದ ಒಂದು ಗಂಟೆ ತೊಳೆದೆವು. ಮತ್ತೆ ಗನ್ ಒತ್ತಿದೆವು. ಕ್ರೋಮಿಯಂ ಮಾಯ. ಮ್ಯಾಂಗನೀಸ್ ಮೊದಲಿನಷ್ಟೇ ಖಾಲಿ.

“ನಿಮ್ಮಜ್ಜಿ ಗೆದ್ರು ಗುರು!” ಎಂದು ಗೆಳೆಯ ಮೇಜು ಕುಟ್ಟಿದ. ಆ ದಿನ ನಾವಿಬ್ಬರೂ ರಸ್ತೆಬದಿಯಲ್ಲಿ ನಿಂತು ಎರಡೆರಡು ಪ್ಲೇಟ್ ಮೆಣಸಿನಕಾಯಿ ಬಜ್ಜಿ ತಿಂದೆವು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದವರು ಎಕ್ಸ್-ರೇ ಗನ್ ಕಂಡಿರಲಿಲ್ಲ, ಆದರೂ ಸರಿಯಾಗಿಯೇ ಹೇಳಿದ್ದಾರೆ.

ಕ್ಯುರೇಟರ್ ಇಷ್ಟಕ್ಕೆ ಕರಗುವ ಆಸಾಮಿಯಲ್ಲ. “ಹಳೇ ಉಕ್ಕು, ಒಪ್ಪಿದೆ. ಆದ್ರೆ ಹಳೇ ಉಕ್ಕು ಎಲ್ ಬೇಕಾದ್ರೂ ಸಿಗುತ್ತೆ ಮೇಡಂ. ಮೂಸೆ ಉಕ್ಕು ಅಂದ್ರೆ ಅದರ ಮೈಮೇಲೆ ನೀರಿನ ಅಲೆ ಕಾಣ್ಬೇಕು. ತೋರಿಸಿ. ತುದೀಲಿ ಸಾಸಿವೆಯಷ್ಟು ಕುಯ್ದ್ರೆ ಮುಗೀತಲ್ಲ? ಅವ್ರಿಗೇನ್ ಗೊತ್ತಾಗುತ್ತೆ?”

ಮೂಸೆ ಉಕ್ಕೆಂದರೆ ಮಣ್ಣಿನ ಮೂಸೆಯಲ್ಲಿ ಕಬ್ಬಿಣವನ್ನು ಇದ್ದಿಲ ಜೊತೆ ಮುಚ್ಚಿ ಕರಗಿಸಿದ್ದು. ಬಡಿದು ಅಲಗು ಮಾಡಿ ಹುಳಿ ತಾಗಿಸಿದಾಗ ಅಲೆಯಲೆಯಾಗಿ ಗೆರೆಗಳು ಏಳುತ್ತವೆ. ಹತ್ತೊಂಬತ್ತನೇ ಶತಮಾನ ಮುಗಿಯುವುದರೊಳಗೆ ಆ ವಿದ್ಯೆ ಬಹುತೇಕ ಕಣ್ಮರೆಯಾಯಿತು. ಆದ್ದರಿಂದ ಅಲೆ ಕಂಡರೆ ವಯಸ್ಸೂ ಕಂಡಂತೆ.

ಇನ್ನು ನಾಲ್ಕು ದಿನ. ನಾನು ಸಣ್ಣ ಗರಗಸವನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದಿದ್ದೆ ಎಂದು ಇಲ್ಲಿ ಒಪ್ಪಿಕೊಳ್ಳಬೇಕು. ಸಾಸಿವೆಯಷ್ಟು ತೆಗೆದು ಮತ್ತೆ ತಿಕ್ಕಿ ನುಣುಪು ಮಾಡಿದರೆ ಅಜ್ಜಿಗಿರಲಿ, ನನಗೇ ಗುರುತು ಸಿಗುತ್ತಿರಲಿಲ್ಲ. ಗರಗಸವನ್ನು ಅಲಗಿನ ಪಕ್ಕದಲ್ಲಿಟ್ಟು ಕಾಫಿ ಕುಡಿದೆ. ಒಮ್ಮೆ ನೋಡದೆ ಮಾತಾಡಿ ಅವರ ತಾತನನ್ನು ಸುಳ್ಳುಗಾರನನ್ನಾಗಿ ಮಾಡಿದ್ದೆ. ಈಗ ನಾನೇ ಸುಳ್ಳುಗಾರ್ತಿಯಾಗಿ ಆತನನ್ನು ಸತ್ಯವಂತ ಎಂದು ಸಾಧಿಸುವುದು ಯಾವ ನ್ಯಾಯ? ಗರಗಸವನ್ನು ಪೆಟ್ಟಿಗೆಗೆ ಹಾಕಿ ಬೀಗ ಹಾಕಿದೆ.

ಯಂತ್ರ ಮುಟ್ಟದ ಜಾಗ ಎಲ್ಲಾದರೂ ಉಳಿದಿದೆಯೇ ಎಂದು ಹುಡುಕಿದೆ. ಬಫಿಂಗ್ ಚಕ್ರ ಅಗಲ, ಅದು ಮೂಲೆಗಳಿಗೆ ಇಳಿಯುವುದಿಲ್ಲ. ಅಲಗು ಕಂಠಪಟ್ಟಿಯನ್ನು ಸೇರುವ ಇಕ್ಕಟ್ಟಿನಲ್ಲಿ ಕಪ್ಪುಗೆಂಪಿನ ಗಟ್ಟಿ ಹಕ್ಕಳೆಯೊಂದಿತ್ತು. ತುಕ್ಕು ಎಂದುಕೊಂಡು ಮೊದಲ ದಿನ ಬಿಟ್ಟಿದ್ದೆ. ಈಗ ದ್ರಾವಕದ ಹನಿ ಹಾಕಿ, ಬಿದಿರಿನ ಕಡ್ಡಿಯಿಂದ ಅಂಚನ್ನು ಎಬ್ಬಿಸಿದೆ. ಪದರ ಪದರವಾಗಿ ಎದ್ದಿತು. ತುಕ್ಕಲ್ಲ, ಕುಂಕುಮ. ತಲೆಮಾರುಗಳ ಆಯುಧ ಪೂಜೆಯ ಕುಂಕುಮ, ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಇಟ್ಟದ್ದು, ಒಂದರ ಮೇಲೊಂದು ಕೂತು ಅರಗಿನಂತಾಗಿತ್ತು. ಎಣ್ಣೆ ನೀರನ್ನು ತಡೆದಿತ್ತು, ಹಳೆಯ ಕುಂಕುಮದಲ್ಲಿದ್ದ ಸುಣ್ಣ ತುಕ್ಕನ್ನು ತಡೆದಿತ್ತು. ಕೆಳಗೆ ಉಗುರಿನ ಕಾಲು ಭಾಗದಷ್ಟು ಬೂದು ಉಕ್ಕು ಬಯಲಾಯಿತು. ಸೂಕ್ಷ್ಮದರ್ಶಕದ ಗುಂಡಿ ತಿರುಗಿಸಿದೆ.

ಅಲೆಗಳಿದ್ದವು. ಕಪ್ಪು ನೆಲದ ಮೇಲೆ ಬೆಳ್ಳಗಿನ ಸಣ್ಣ ಕಣಗಳ ಸಾಲು, ಬಾಗಿ, ಬಳಸಿ, ಮತ್ತೆ ಸೇರುವ ಸಾಲು. ಒಬ್ಬಳೇ ಇದ್ದ ಕೋಣೆಯಲ್ಲಿ ಜೋರಾಗಿ ಚಪ್ಪಾಳೆ ಹೊಡೆದೆ.

ಆದರೆ ಕಾಲು ಉಗುರಿನಷ್ಟು ಜಾಗದಿಂದ ಕ್ಯುರೇಟರ್ ಬಾಯಿ ಮುಚ್ಚುವುದಿಲ್ಲ. ಇಡೀ ಅಲಗಿನಲ್ಲಿ ಅಲೆ ಏಳಬೇಕು. ನನ್ನ ಕಪಾಟಿನಲ್ಲಿದ್ದ ನೈಟ್ರಿಕ್ ಆಮ್ಲ ಕಾರ್ಖಾನೆಯ ಮಾದರಿಗಳಿಗೆ ಸರಿ. ಈ ಮೈಗೆ ಅದು ಎಷ್ಟು ಕಚ್ಚುತ್ತದೋ ಹೇಳಲಾಗದು. ಅಜ್ಜಿಗೆ ಸಂಗತಿ ತಿಳಿಸಲು ಫೋನ್ ಮಾಡಿ, ಮಾತಿನ ನಡುವೆ ಕೇಳಿದೆ: ಬಫಿಂಗಿಗೆ ಮೊದಲು ನೀವು ಹೇಗೆ ತೊಳೆಯುತ್ತಿದ್ದಿರಿ?

“ಉಣಸೇಹಣ್ಣು, ಇನ್ನೇನು? ಬಿಸ್ನೀರಾಗ್ ಕಿವುಚಿ ಅಚ್ಚಿ ಬುಡೋದು. ಅನ್ನಕ್ಕೆ ಎಸರು ಬರೋವಷ್ಟೊತ್ತು. ಆಮೇಕೆ ತೊಳುದ್ರೆ ಗೆರೆ ಗೆರೆ ಏಳ್ತಿತ್ತು, ಆವಿನ ಪೊರೆ ಇದ್ದಂಗೆ. ನಮ್ ತಾತಂಗೆ ಆ ಸಾಯೇಬನೇ ಏಳ್ಕೊಟ್ಟಿದ್ನಂತೆ, ವರ್ಸಕ್ಕೊಂದ್ ದಪ ಉಳಿ ಕುಡಿಸು ಅಂತ.”

ಹಿತ್ತಲ ಗಿಡ ಮದ್ದಲ್ಲ. ಐವತ್ತು ವರ್ಷ ಈ ಅಜ್ಜಿ ಪ್ರತಿ ಆಯುಧ ಪೂಜೆಗೆ ಮಾಡುತ್ತಿದ್ದುದು, ನಾನು ಪ್ರಯೋಗಾಲಯದಲ್ಲಿ ಮಾಡಲು ಹೆದರುತ್ತಿದ್ದ ಅದೇ ಕೆಲಸ. ಆಮ್ಲದ ಬಾಟಲಿಯನ್ನು ಕಪಾಟಿಗೆ ವಾಪಸ್ ಇಟ್ಟೆ. ಪರೀಕ್ಷೆಯ ಕೊನೆಯ ಹಂತವನ್ನು ಅವರ ಕೈಯಿಂದಲೇ ಮಾಡಿಸುವುದೆಂದು ತೀರ್ಮಾನಿಸಿ, ಕ್ಯುರೇಟರನ್ನೂ ಕರೆದೆ.

ಕ್ಯುರೇಟರ್ ಕೊಟ್ಟ ಗಡುವಿನ ಒಂಬತ್ತನೇ ದಿನ ಬೆಳಿಗ್ಗೆ ಅಜ್ಜಿ ಹುಣಸೆಹಣ್ಣು, ಕಂಚಿನ ಬಟ್ಟಲಿನೊಂದಿಗೆ ಬಂದರು. ಕ್ಯುರೇಟರ್ ಬಿಳಿ ಕೈಗವಸು ಹಾಕಿಕೊಂಡೇ ಕುಳಿತಿದ್ದರು. ಅಜ್ಜಿ ರಸ ಹಚ್ಚಿದರು, ಕಾದರು, ತೊಳೆದರು. ಅಲಗಿನ ಮೇಲೆ ಅಲ್ಲಲ್ಲಿ ಬೂದು ಮಚ್ಚೆ ಬಿಟ್ಟರೆ ಬೇರೇನೂ ಇಲ್ಲ. ಕ್ಯುರೇಟರ್ ವಾಚ್ ನೋಡಿಕೊಂಡರು.

ಅಜ್ಜಿ ಮಾತ್ರ ಅಲಗನ್ನು ಕೆನ್ನೆಗೆ ಒತ್ತಿ ನೋಡಿದರು. “ತಣ್ಣಗೈತೆ. ತಣ್ಣಗಿದ್ರೆ ಉಳಿ ಇಡಿಯಾಕಿಲ್ಲ. ಮೊದ್ಲು ಬಿಸ್ಲಾಗ್ ಇಡ್ಬೇಕು.” ನಾನು ಮಚ್ಚೆಗಳನ್ನು ಭೂತಗನ್ನಡಿಯಲ್ಲಿ ನೋಡಿದೆ: ರಸ ಹಿಡಿಯದ ಜಾಗಗಳಲ್ಲೆಲ್ಲ ಸೋಪಿನ ಮೇಣದ ತೆಳು ಪೊರೆ. ಯಶವಂತಪುರದಲ್ಲಿ ಚೊಕ್ಕಟವಾಗಿ ತೊಳೆದದ್ದು ಒಂದಂಗುಲ ಮಾತ್ರ, ಉಳಿದದ್ದನ್ನು ಅವಸರದಲ್ಲಿ ಒರೆಸಿ ಬಿಟ್ಟಿದ್ದೆ. ಎರಡನೇ ಸಲ ನನ್ನ ಆತುರವೇ ಅಡ್ಡ ಬಂದಿತ್ತು. ಮೇಣವನ್ನೆಲ್ಲ ತೊಳೆದು ಮಹಡಿಯ ಮೇಲೆ ಬಿಸಿಲಿಗಿಟ್ಟೆವು. ಕೈಗೆ ಬೆಚ್ಚಗೆ ತಾಗುವಂತಾದಾಗ ಅಜ್ಜಿ ಬಿಸಿ ರಸ ಹಚ್ಚಿ, ಕಣ್ಣು ಮುಚ್ಚಿ ಕುಳಿತರು. ಕೆಳಗೆ ರಸ್ತೆಯಲ್ಲಿ ಬಿಎಂಟಿಸಿ ಬಸ್ಸೊಂದು ನಿಂತು ಹೊರಟಿತು.

“ಊಂ, ಸಾಕು.”

ತಂಬಿಗೆಯ ನೀರು ಹುಯ್ದೆ. ಕಂದು ರಸ ಇಳಿದು ಹೋಯಿತು. ಕಂಠಪಟ್ಟಿಯಿಂದ ತುದಿಯವರೆಗೆ, ಇಡೀ ಅಲಗಿನ ಉದ್ದಕ್ಕೂ ನೀರು ಇನ್ನೂ ಹರಿಯುತ್ತಲೇ ಇದೆ ಎನ್ನಿಸಿತು. ಒರೆಸಿದೆ. ಆದರೂ ಹರಿಯುತ್ತಿತ್ತು.

ಕ್ಯುರೇಟರ್ ಎದ್ದು ನಿಂತರು. “ಅಯ್ಯಪ್ಪಾ!” ಎಂದರು. ಅವರ ಬಾಯಿಂದ ಇಂಗ್ಲಿಷ್ ಬೆರೆಯದ ಮಾತು ನಾನು ಕೇಳಿದ್ದು ಅದೊಂದೇ. ಅಜ್ಜಿ ಅತ್ತರು. ನನಗೂ ಕಣ್ಣು ತುಂಬಿತು, ಅದನ್ನೇಕೆ ಮುಚ್ಚಿಡಲಿ.

ವರದಿ ಅವತ್ತೇ ಬರೆದೆ. ದೊಡ್ಡ ಕಠಾರಿ: ಮೂಸೆ ಉಕ್ಕಿನ ಅಲಗು, ತಾಮ್ರದ ಬೆಸುಗೆ, ವಾಲ್ರಸ್ ಕೋರೆಯ ಹಿಡಿ, ಮಧ್ಯ ಏಷ್ಯಾದ ಕಟ್ಟು, ಹತ್ತೊಂಬತ್ತನೇ ಶತಮಾನಕ್ಕಿಂತ ಈಚಿನದಲ್ಲವೆಂದು ನಂಬಲು ಕಾರಣಗಳಿವೆ, ಎರಡು ರಿವೆಟ್ ನಂತರದ ದುರಸ್ತಿ. ಚಿಕ್ಕ ಕಠಾರಿ: ಹಿಡಿ ಹಳೆಯದು, ಅಲಗು ಅರದಿಂದ ಮಾಡಿದ ಬದಲಿ. ಇದನ್ನು ಓದಿ ಹೇಳಿದಾಗ ಅಜ್ಜಿ ಕಣ್ಣೀರಲ್ಲೇ ನಕ್ಕರು. “ಅದು ನಮ್ ತಾತ ತೆಂಗಿನ್ಕಾಯಿ ಸುಲಿಯಾಕೋಗಿ ಮುರ್ದಿದ್ದು. ಅದ್ನೂ ಅವನೇ ಏಳಿದ್ದ.” ಕೊನೆಯ ಸಾಲಿನಲ್ಲಿ, ಈ ಹಿಂದೆ ಫೋಟೋ ನೋಡಿ ನಾನು ಕೊಟ್ಟ ಅಭಿಪ್ರಾಯ ತಪ್ಪು ಎಂದು ಬರೆದು ಸಹಿ ಹಾಕಿದೆ. ಕುಟುಂಬದ ಗುಂಪಿಗೆ ಅದನ್ನು ಹಾಕುವವರೆಗೂ ಅಜ್ಜಿ ಕದಲಲಿಲ್ಲ.

ವರದಿಯಲ್ಲಿ ಬರೆಯದ ಒಂದು ಮಾತನ್ನು ಬಾಯಲ್ಲಿ ಹೇಳಿದೆ. ಆ ಕಾಲದಲ್ಲಿ ಮೂಸೆ ಉಕ್ಕಿನ ಗಟ್ಟಿಗಳು ನಮ್ಮ ಮೈಸೂರು ಸೀಮೆಯಿಂದಲೇ ಹಡಗು ಹತ್ತಿ ಪರದೇಶಗಳಿಗೆ ಹೋಗುತ್ತಿದ್ದವು. ಈ ಅಲಗಿನ ಉಕ್ಕು ಇಲ್ಲಿಯದೇ ಇರಬಹುದು, ಅಲ್ಲದೆಯೂ ಇರಬಹುದು. ಸಾಬೀತು ಮಾಡಲು ನನ್ನಿಂದಾಗದು.

ಅಜ್ಜಿ ಅಲಗಿನ ಮೇಲೆ ಬೆರಳಾಡಿಸಿದರು. “ಅಂಗಾರೆ ತವರಿಗೆ ಬಂದೈತೆ ಅನ್ನಿ.” ಸೆರಗಿನ ತುದಿ ಬಿಚ್ಚಿ ಕುಂಕುಮದ ಸಣ್ಣ ಭರಣಿ, ಎಣ್ಣೆಯ ಪುಟ್ಟ ಶೀಶೆ ತೆಗೆದರು. “ತವರಿಗೆ ಬಂದೋಳ್ನ ಕುಂಕುಮ ಇಕ್ದೆ ಕಳ್ಸಾಕಾಯ್ತದಾ?”

“ಇಲ್ಲ ಇಲ್ಲ ಅಮ್ಮಾ,” ಕ್ಯುರೇಟರ್ ಬಿಳಿ ಗವಸಿನ ಕೈಗಳನ್ನು ಅಡ್ಡ ಹಿಡಿದರು. “ಮ್ಯೂಸಿಯಂ ರೂಲ್ಸ್. ಬ್ಲೇಡ್ ಮೇಲೆ ಏನೂ ಹಚ್ಚಂಗಿಲ್ಲ.”

ಬಿದಿರಿನ ಕಡ್ಡಿಯಲ್ಲಿ ನಾನು ಎಬ್ಬಿಸಿಟ್ಟಿದ್ದ ಕುಂಕುಮದ ಹಕ್ಕಳೆ ಗಾಜಿನ ತಟ್ಟೆಯಲ್ಲಿ ಹಾಗೇ ಇತ್ತು. ಅದನ್ನು ಅವರ ಮುಂದಕ್ಕೆ ಸರಿಸಿದೆ. “ಇದು ಇರದಿದ್ರೆ ನಿಮ್ಮ ಪ್ರದರ್ಶನಕ್ಕೆ ಕಠಾರಿನೇ ಇರ್ತಿರಲಿಲ್ಲ ಸಾರ್.”

ಅವರು ತಟ್ಟೆಯನ್ನು ನೋಡಿದರು, ಅಜ್ಜಿಯನ್ನು ನೋಡಿದರು. ಆಮೇಲೆ ನನ್ನ ಗೋಡೆಯ ಮೇಲಿನ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ಓದಲು ತಿರುಗಿ ನಿಂತರು.

ಅಜ್ಜಿ ಉಂಗುರದ ಬೆರಳನ್ನು ಎಣ್ಣೆಯಲ್ಲಿ ಅದ್ದಿ, ಕುಂಕುಮ ತೆಗೆದು, ಅಲಗು ಕಂಠಪಟ್ಟಿಯನ್ನು ಸೇರುವ ಅದೇ ಇಕ್ಕಟ್ಟಿನಲ್ಲಿ ಒತ್ತಿ ಇಟ್ಟರು.